ಒಂಬತ್ತು ಜನರ ತೂಕ

ಅಧ್ಯಕ್ಷರೇ, ಕಾರ್ಖಾನೆಯ ಮುಖ್ಯಸ್ಥರೇ, ಸಮವಸ್ತ್ರದಲ್ಲಿ ಬಂದು ಮುಂದಿನ ಸಾಲಿಗೆ ಕಳೆ ತಂದಿರುವ ಅತಿಥಿಗಳೇ, ನನ್ನ ಜೊತೆ ದುಡಿದು ಈಗ ನನ್ನ ಹಾಗೆಯೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿರುವ ಗೆಳೆಯರೇ, ಈ ಮುದುಕ ಬೇಗ ಮುಗಿಸಿದರೆ ಊಟ ಬಿಸಿಯಾಗಿ ಸಿಗುತ್ತದೆ ಎಂದು ಕಾದಿರುವ ಸಭಿಕರೇ,

ಹತ್ತು ನಿಮಿಷ ಎಂದಿದ್ದಾರೆ. ಜೀವನವಿಡೀ ಬೇರೆಯವರಿಗೆ ಮಿತಿ ಹಾಕಿದವನು ನಾನು. ನನಗೆ ಹಾಕಿದ ಮಿತಿಯನ್ನು ಮೀರುವುದಿಲ್ಲ.

ನಮ್ಮ ಸಾಗಣೆ ವಿಮಾನಗಳಲ್ಲಿ ಕೊನೆಯದನ್ನು ಇವತ್ತು ಗೇಟಿನ ಮುಂದೆ ಕಂಬದ ಮೇಲೆ ನಿಲ್ಲಿಸಿದ್ದೀರಿ. ಒಬ್ಬ ಹುಡುಗಿ ಬಂದು, "ಇದರಲ್ಲಿ ನೀವು ಯಾವ ಭಾಗ ಮಾಡಿದ್ದು ಸರ್?" ಎಂದು ಕೇಳಿದಳು. ರೆಕ್ಕೆಯೇ? ಅಲ್ಲ. ಎಂಜಿನ್ನೇ? ಅದೂ ಅಲ್ಲ. ಕೈಯಿಂದ ಮುಟ್ಟಿ ತೋರಿಸುವಂಥದ್ದು ಅದರಲ್ಲಿ ನನ್ನದೇನೂ ಇಲ್ಲ. ನಾನು ತೂಕದವನು. ಪ್ರತಿ ಬೋಲ್ಟು, ಪ್ರತಿ ತಗಡು, ಪ್ರತಿ ಬೆಲ್ಟಿನ ತೂಕ ಕೂಡಿಸಿ, ಇದು ಇಷ್ಟು ಹೊರಬಲ್ಲದು, ಇದಕ್ಕಿಂತ ಹೆಚ್ಚಲ್ಲ ಎಂದು ಹೇಳುವುದು ನನ್ನ ಕೆಲಸ. ಆಫೀಸಿನಲ್ಲಿ ನನ್ನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಮಾತ್ರ ಬೇರೆ ಹೆಸರಿತ್ತು.

ಸೈನ್ಯದವರು ಕೇಳಿದ್ದು ಹೆಚ್ಚೇನಲ್ಲ. ವಿಮಾನದ ನೆಲ ಲಾರಿಯ ಹಿಂಬದಿಗೆ ಸಮನಾಗಿರಬೇಕು, ಹುಲ್ಲಿನ ಮೇಲೆ ಇಳಿದು ಏರಬೇಕು, ಬೇಕೆಂದಾಗ ಒಳಗೆ ಸ್ಟ್ರೆಚರ್ ತೂಗುಹಾಕಲು ಬರಬೇಕು. ಅದಕ್ಕಾಗಿ ರೆಕ್ಕೆಯನ್ನು ಬೆನ್ನಿನ ಮೇಲಿಟ್ಟು, ಹೊಟ್ಟೆಯನ್ನು ನೆಲಕ್ಕೆ ತಗ್ಗಿಸಿ, ಹಿಂದೆ ಗೋಡೆಯಷ್ಟು ಅಗಲದ ಬಾಗಿಲು ಮಾಡಿದೆವು. ಮುಖ್ಯ ವಿನ್ಯಾಸಕಾರರನ್ನು ನಾವು 'ದೊಡ್ಡವರು' ಎನ್ನುತ್ತಿದ್ದೆವು. ಅವರು ಮರದ ಮಾದರಿಯನ್ನು ಒಂದು ಸುತ್ತು ಹಾಕಿ ನೋಡಿ, "ದಪ್ಪ ಬಾತುಕೋಳಿ ಥರ ಇದೆಯಲ್ರೀ. ಇರ್ಲಿ, ಹಾರಿದ್ರೆ ಸಾಕು" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾವು ಯಾರೂ ಕೇಳಿದವರಲ್ಲ.

ಇನ್ನು ನಮ್ಮ ಆಫೀಸಿನ ಒಂದು ಪದ್ಧತಿ. ಇಲ್ಲಿರುವ ಹಳಬರಿಗೆಲ್ಲ ಗೊತ್ತು, ಮುಖ ಆ ಕಡೆ ತಿರುಗಿಸಬೇಡಿ. ನೂರು ಕಿಲೋ ಆಗುವ ಭಾಗವನ್ನು ನೂರಹತ್ತು ಎಂದು ಬರೆದು ಕೊಡುತ್ತಿದ್ದಿರಿ. ಆಮೇಲೆ ನೂರೈದಕ್ಕೆ ಮುಗಿಸಿ, "ನೋಡಿ, ಐದು ಕಿಲೋ ಉಳಿಸಿದ್ವಿ" ಎಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದಿರಿ. ರೆಕ್ಕೆಯವರು ಹೀಗೆ, ಚಕ್ರದವರು ಹೀಗೆ, ಕಿಟಕಿಗೆ ರಬ್ಬರ್ ಪಟ್ಟಿ ಹಾಕುವವರೂ ಹೀಗೆ. ತೂಕದವನಿಗೆ ನಿಜ ಹೇಳುವವರು ಯಾರು? ನನ್ನ ಹೆಂಡತಿಯೂ ಇವತ್ತಿನವರೆಗೆ ತನ್ನ ತೂಕ ಹೇಳಿಲ್ಲ. ಮೂರನೆಯ ಸಾಲಿನಲ್ಲಿದ್ದಾಳೆ, ನೋಡಿ, ನಗುತ್ತಿಲ್ಲ.

ನೀವು ಕೊಟ್ಟ ಮೊತ್ತದ ಮೇಲೆ ನಾನೂ ಯಾರಿಗೂ ಹೇಳದೆ ಒಂದಿಷ್ಟು ಸೇರಿಸುತ್ತಿದ್ದೆ. ಏಕೆ? ಭಯಕ್ಕೆ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರ ವಿಮಾನ ಎಂಟುನೂರು ಕಿಲೋ ಹೆಚ್ಚು ತೂಗಿತು, ಯೋಜನೆಯೇ ರದ್ದಾಯಿತು, ಅವರನ್ನು ಅದೇ ದಿನ ಮನೆಗೆ ಕಳಿಸಿದರು. ನಾನು ಕೆಲಸಕ್ಕೆ ಸೇರಿದಾಗ ಅವರ ಬಾಚಣಿಗೆ ಇನ್ನೂ ಮೇಜಿನ ಡ್ರಾಯರಿನಲ್ಲಿತ್ತು. ತೂಕ ಹೆಚ್ಚಾದರೆ ತೂಕದವನ ಕುತ್ತಿಗೆಗೆ ಬರುತ್ತದೆ. ಕಡಿಮೆಯಾದರೆ ಯಾರೂ ಕೇಳುವುದಿಲ್ಲ.

ಮೊದಲ ವಿಮಾನ ಸಿದ್ಧವಾದಾಗ ಅದನ್ನು ಮೂರು ತೂಕದ ಯಂತ್ರಗಳ ಮೇಲೆ ನಿಲ್ಲಿಸಿದೆವು. ಗಾಳಿ ಬಡಿದರೆ ರೆಕ್ಕೆ ಒಂಚೂರು ಎತ್ತಿ ತೂಕ ತಪ್ಪಾಗುತ್ತದೆ, ಅದಕ್ಕೆ ಹ್ಯಾಂಗರಿನ ಬಾಗಿಲು ಮುಚ್ಚಿಸಿ ಎಲ್ಲರನ್ನೂ ಹೊರಗೆ ಕಳಿಸಿದೆ. ಮೂರು ಮುಳ್ಳುಗಳನ್ನೂ ನಾನೇ ಓದಿ ಕೂಡಿಸಿದೆ. ಕಾಗದದಲ್ಲಿ ಬರೆದದ್ದಕ್ಕಿಂತ ಆರುನೂರ ನಲವತ್ತು ಕಿಲೋ ಕಡಿಮೆ ಬಂತು. ಅಷ್ಟು ಹೆಚ್ಚು ಭಾರ ಹೊರಬಹುದು ಎಂದು ಬರೆಯಬೇಕಾಗಿತ್ತು. ನಾನು ಹಳೆಯ ಸಂಖ್ಯೆಯನ್ನೇ ಬರೆದೆ. ನಿಜ ಬರೆದರೆ ಸೈನ್ಯದವರು ಇನ್ನೊಂದು ರೇಡಿಯೋ, ಮತ್ತೊಂದು ಉಕ್ಕಿನ ತಗಡು ಎಂದು ತುಂಬಿಸುತ್ತಾರೆ, ಕೊನೆಗೆ ತೂಕ ಮೀರಿತೆಂದು ನನ್ನನ್ನೇ ಹಿಡಿಯುತ್ತಾರೆ ಎಂದುಕೊಂಡೆ. ವಿಮಾನದ ಬಾಗಿಲಿನ ಪಕ್ಕದ ಫಲಕದಲ್ಲಿ ಅಚ್ಚಾಯಿತು: ನಲವತ್ತನಾಲ್ಕು ಜನ. ಆಮೇಲೆ ಬಂದ ಪ್ರತಿ ವಿಮಾನಕ್ಕೂ ಅದನ್ನೇ ಬರೆಯಬೇಕಾಯಿತು. ಒಂದರಲ್ಲಿ ನಿಜ ಬರೆದರೆ ಉಳಿದದ್ದು ಸುಳ್ಳೆಂದು ಗೊತ್ತಾಗುತ್ತಿತ್ತಲ್ಲ.

ಇದನ್ನು ಹೇಳಬೇಕೆಂದು ನಾನು ಬಂದವನಲ್ಲ. ಬರೆದು ತಂದ ಭಾಷಣ ಜೇಬಿನಲ್ಲಿದೆ, ಅದರಲ್ಲಿ ಆ ಬಾಗಿಲು ಮುಚ್ಚಿದ ಹ್ಯಾಂಗರಿನ ಮಾತೇ ಇಲ್ಲ. ಆದರೆ ಸ್ವಾಗತ ಭಾಷಣದಲ್ಲಿ, "ಇವರ ಪ್ರಾಮಾಣಿಕ ಸಂಖ್ಯೆಯಿಂದ ಯುದ್ಧದಲ್ಲಿ ಒಂದು ವಿಮಾನವೂ ಭಾರಕ್ಕೆ ಬೀಳಲಿಲ್ಲ" ಎಂದರು. ಬೀಳಲಿಲ್ಲ, ನಿಜ.

ನನ್ನ ಹೆಂಡತಿಯ ಪಕ್ಕ ಕುಳಿತಿರುವವರು ಅವಳ ಅಣ್ಣ, ನನಗೆ ಭಾವ. ಸೈನ್ಯದ ಪೈಲಟ್ ಆಗಿದ್ದರು. ಮರದ ಮಾದರಿ ನೋಡಲು ಬಂದವರು ಮೂರು ಸಲ ತಲೆ ಬಡಿಸಿಕೊಂಡು, ಮೂರು ಸಲವೂ ನನ್ನನ್ನೇ ಬೈದರು. ಆ ಜಗಳದಲ್ಲೇ ಸ್ನೇಹವಾಗಿ, ಒಂದು ದಿನ ಟೀ ಕುಡಿಯಲು ಮನೆಗೆ ಕರೆದುಕೊಂಡು ಹೋದರು. ಟೀ ತಂದವಳನ್ನು ಆರು ತಿಂಗಳಲ್ಲಿ ಮದುವೆಯಾದೆ.

ಯುದ್ಧ ಶುರುವಾಗಿ ಎರಡನೆಯ ವರ್ಷ. ಹೊರಡುವ ಮುಂಚಿನ ಭಾನುವಾರ ಭಾವ ನಮ್ಮ ಅಡುಗೆಮನೆಯಲ್ಲಿ ನಿಂತು ಕೇಳಿದರು: "ತಕ್ಕಡಿ, ಇನ್ನೂ ಐದಾರು ಜನ ಹಾಕಬಹುದು ಅಂತಾರಲ್ಲ ನಮ್ಮ ಹುಡುಗರು. ಹೌದೇನೋ? ನೀನು ಹೇಳಿದ್ರೆ ನಂಬ್ತೀನಿ."

ಹೌದು ಅನ್ನಬಹುದಿತ್ತು. ಆದರೆ ಒಲೆಯ ಮುಂದೆ ಅವರ ತಂಗಿ ನಿಂತಿದ್ದಳು. ನಮ್ಮವರು ಕ್ಷೇಮವಾಗಿರಲಿ ಎನ್ನಿಸಿತು. "ಒಬ್ಬರೂ ಹೆಚ್ಚಿಲ್ಲ ಭಾವ. ಅದು ನಾನು ಹಾಕಿದ ಸಂಖ್ಯೆ" ಎಂದೆ. ಅದಕ್ಕಿಂತ ಒಬ್ಬರನ್ನೂ ಹೆಚ್ಚು ಹತ್ತಿಸಬಾರದೆಂದು ಅಣ್ಣನ ಕೈಯಲ್ಲಿ ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು ಇವಳು. ಭಾವ ನಗುತ್ತಲೇ ಆಣೆ ಹಾಕಿದರು.

ಮೂರು ವಾರದ ಮೇಲೆ ಅವರು ಬೆಟ್ಟಗಳ ನಡುವಿನ ಒಂದು ಹುಲ್ಲಿನ ರನ್‌ವೇಯಲ್ಲಿ ಗಾಯಾಳುಗಳನ್ನು ತರಲು ಇಳಿದರು. ಅಲ್ಲಿದ್ದವರು ಐವತ್ತಮೂರು ಜನ. ಭಾವ ಬಾಗಿಲಲ್ಲಿ ನಿಂತು ನಲವತ್ತನಾಲ್ಕು ಎಣಿಸಿದರು. ಕುಳಿತುಕೊಳ್ಳಲು ಶಕ್ತಿಯಿದ್ದ ಏಳು ಗಾಯಾಳುಗಳು ಉಳಿದರು. ಅವರನ್ನು ಬಿಟ್ಟು ಬರುವುದಿಲ್ಲವೆಂದು ನರ್ಸ್ ಉಳಿದಳು. ಅಡುಗೆಯವನೂ ಉಳಿದ. "ಮಧ್ಯಾಹ್ನ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಭಾವ ಹಾರಿದರು. ಮಧ್ಯಾಹ್ನದ ಹೊತ್ತಿಗೆ ಆ ರನ್‌ವೇ ಶತ್ರುಗಳ ಕೈಯಲ್ಲಿತ್ತು. ಒಂಬತ್ತು ಜನರಲ್ಲಿ ಒಬ್ಬರೂ ಬರಲಿಲ್ಲ.

ಊರಿಗೆ ಬಂದ ದಿನ ಭಾವ ಚೀಲವನ್ನೂ ಕೆಳಗಿಡದೆ ಕೇಳಿದರು: "ಅರ್ಧ ರನ್‌ವೇಗೇ ನೆಲ ಬಿಡ್ತು ಕಣೋ. ಅಷ್ಟು ಹಗುರ ಇತ್ತು. ಆ ಒಂಬತ್ತು ಜನ ಹಿಡೀತಿದ್ರಾ?"

"ಇಲ್ಲ ಭಾವ. ಎದುರು ಗಾಳಿ ಇದ್ದಿರ್ಬೇಕು, ಅದು ಎತ್ತಿದ್ದು."

"ಗಾಳಿ ಇರ್ಲಿಲ್ಲ. ಗಾಳಿ ದಿಕ್ಕು ತೋರ್ಸೋ ಚೀಲ ಕಂಬದ ಮೇಲೆ ಒಣಹಾಕಿದ ಬಟ್ಟೆ ಥರ ನೇತಾಡ್ತಿತ್ತು."

"ಮೇಲೆ ಇದ್ದಿರುತ್ತೆ."

ಅವರು ನಂಬಿದರು. ನನ್ನ ಸಂಖ್ಯೆಯನ್ನು ನಂಬಿದವರು ನನ್ನ ಗಾಳಿಯನ್ನೂ ನಂಬಿದರು. ಯುದ್ಧ ಮುಗಿದ ಮೇಲೆ ಹೊಸ ಎಂಜಿನ್ ಹಾಕಿದಾಗ ನಾನು ಮಿತಿಯನ್ನು ಹೆಚ್ಚಿಸಿ, ಆ ಆರುನೂರ ನಲವತ್ತು ಕಿಲೋವನ್ನೂ ಅದರಲ್ಲೇ ಮುಚ್ಚಿ ಹಾಕಿದೆ. ಹೊಗಳಿಕೆ ಎಂಜಿನ್‌ನವರಿಗೆ ಹೋಯಿತು. ಭಾವ ವಿಮಾನ ಬಿಟ್ಟು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾದರು. ವರ್ಷಕ್ಕೊಂದೆರಡು ಸಲ, ಊಟದ ನಡುವೆ, ಇಲ್ಲವೇ ಬಸ್ಸು ಕಾಯುವಾಗ, ಅದನ್ನೇ ಕೇಳುತ್ತಾರೆ. ಪ್ರತಿ ಸಲವೂ ಇಲ್ಲ ಎಂದಿದ್ದೇನೆ. ಮೊದಮೊದಲು ನನ್ನ ಕೆಲಸ ಉಳಿಸಿಕೊಳ್ಳಲು. ಆಮೇಲೆ, ಇಷ್ಟು ವರ್ಷದ ಮೇಲೆ ಅವರಿಗೇಕೆ ಈ ಸಂಕಟ ಎಂದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಇವತ್ತು ಬೆಳಿಗ್ಗೆ ಕಾರಿನಿಂದ ಇಳಿದು, ಕಂಬದ ಮೇಲಿನ ವಿಮಾನವನ್ನು ಕತ್ತೆತ್ತಿ ನೋಡುತ್ತಾ ಮತ್ತೆ ಕೇಳಿದರು. ನಾನು ಮತ್ತೆ ಇಲ್ಲ ಎಂದೆ. ಸಭಿಕರೇ, ಹಿಂದಿನ ಸುಳ್ಳುಗಳಿಗೆಲ್ಲ ನನ್ನ ಹತ್ತಿರ ಒಂದೊಂದು ಕಾರಣವಿತ್ತು. ಬೆಳಿಗ್ಗೆ ಹೇಳಿದ್ದಕ್ಕೆ ಯಾವ ಕಾರಣವೂ ಇರಲಿಲ್ಲ. ಬರೀ ಅಭ್ಯಾಸಬಲ. ಅದು ನನಗೆ ಹೇಸಿಗೆಯಾಯಿತು.

ಭಾವ, ಹಿಡೀತಿದ್ರು. ಒಂಬತ್ತು ಜನವೂ ಹಿಡೀತಿದ್ರು. ಒಬ್ಬೊಬ್ಬರಿಗೆ ಎಪ್ಪತ್ತು ಕಿಲೋ ಹಾಕಿದರೂ ಇನ್ನೂ ಹತ್ತು ಕಿಲೋ ಉಳೀತಿತ್ತು. ನೀವು ಎಣಿಸಿದ್ದರಲ್ಲಿ ತಪ್ಪಿಲ್ಲ. ನಾನು ಬರೆದದ್ದು ತಪ್ಪು.

ಅಧ್ಯಕ್ಷರೇ, ನನಗೆಂದು ತಂದಿರುವ ಆ ಸನ್ಮಾನದ ಫಲಕವನ್ನು ದಯವಿಟ್ಟು ಒಳಗಿಡಿ.

ಭಾವ ಎದ್ದಿದ್ದಾರೆ. ಅವರ ತಂಗಿ ಕೈ ಹಿಡಿದುಕೊಂಡು ಹೊರಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಅವಳಿಗೂ ಇದು ಈಗಲೇ ಗೊತ್ತಾದದ್ದು. ಕಾಲು ಒಳಗೆಳೆದುಕೊಂಡು ಅವರಿಗೆ ದಾರಿ ಬಿಡಿ. ನಾನು ಕೆಳಗಿಳಿದು ಹಿಂದೆ ಹೋಗುವುದಿಲ್ಲ, ಅವರು ಕರೆಯುವವರೆಗೆ ಹೋಗುವ ಹಕ್ಕು ನನಗಿಲ್ಲ. ಅವರು ಬಾಗಿಲು ದಾಟುವವರೆಗೆ ಯಾರೂ ಚಪ್ಪಾಳೆ ತಟ್ಟಬೇಡಿ. ದಾಟಿದ ಮೇಲೂ ಬೇಡ.

ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞ. ಎಲ್ಲರಿಗೂ ನಮಸ್ಕಾರ.