ಅರ್ಧ ಸೊನ್ನೆ

ಕೆಳಗಿಡು ಅದನ್ನ. ಇಡು ಅಂದೆ, ಪುಟ್ಟಿ. ಅದು ಬಂದೂಕಿನ ಮೇಲೆ ಕೂರಿಸಿ ಗುರಿ ಹಿಡಿಯೋ ಸೈಟ್ ಅಲ್ಲ, ಆಟದ ಸಾಮಾನು. ಯಾವನೋ ಪುಣ್ಯಾತ್ಮ ಅಂಗಡಿ ಬಾಗಿಲಿಗೇ ಬಂದು ಹನ್ನೆರಡು ನನ್ನ ತಲೆಗೆ ಕಟ್ಟಿ ಹೋದ, ಅದರಲ್ಲಿ ಒಂಬತ್ತು ವಾಪಸ್ ಬಂದಿವೆ. ಬೇಕಾದ್ರೆ ಕಣ್ಣಿಟ್ಟು ನೋಡು. ಏನು ಕಾಣುತ್ತೆ? ಕೆಂಪು ಚುಕ್ಕಿನಾ? ಅದನ್ನ ಚುಕ್ಕಿ ಅಂತಾರಾ ಯಾರಾದ್ರೂ? ಟೊಮೇಟೊ ಹಿಚುಕಿದ ಹಾಗಿದೆ. ಅದರ ಹಿಂದೆ ಹಂದಿಯಲ್ಲ, ಆನೆ ನಿಂತಿದ್ರೂ ಕಾಣಲ್ಲ. ಥೂ.

ನಗ್ತಿದ್ದೀಯಾ? ಇಲ್ವಾ. ಮೊದಲಾದ್ರೆ ನಗ್ತಿದ್ದೆ.

ಬೆಲೆ ಕಡಿಮೆ ಇರ್ಬೇಕು, ಮಾಲು ಚೆನ್ನಾಗಿರ್ಬೇಕು... ಬರೋರೆಲ್ಲ ಇದೇ ರಾಗ. ಬಂದೂಕಿನಂಗಡಿಯವನ ಮಗಳು, ನೀನೂ ಅದನ್ನೇ ಕೇಳ್ತೀಯಲ್ಲ! ಅಪ್ಪ ಹೋದ್ಮೇಲೆ ಇವತ್ತೇ ಮೊದಲು ಈ ಅಂಗಡಿಗೆ ಕಾಲಿಡ್ತಿರೋದು, ಅಣ್ಣ ಹೇಗಿದ್ದೀಯಾ ಅಂತ ಕೂಡ ಕೇಳಲಿಲ್ಲ. ಸರಿ ಬಿಡು. ಕೂತ್ಕೋ. ಆ ಸ್ಟೂಲಲ್ಲ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ.

ನಿಜ ಹೇಳ್ಲಾ? ಈ ಕಪಾಟು ಕಂಡ್ರೆ ನನಗೆ ವಾಕರಿಕೆ ಬರುತ್ತೆ. ಮೇಲೆ ಥಳುಕು, ಒಳಗೆ ಹುಳುಕು. ಇದು ನೋಡು, ಪೆಟ್ಟಿಗೆ ಮೇಲೆ 'ನೀರು ಹೋಗಲ್ಲ' ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಸುಳ್ಳಲ್ಲ. ಒಳಗೆ ಹೋದ ನೀರು ಹೊರಗೆ ಹೋಗಲ್ಲ. ಇದಕ್ಕೆ ಬ್ಯಾಟರಿ ಐದು ವರ್ಷ ಬರುತ್ತಂತೆ. ಬ್ಯಾಟರಿ ಬರುತ್ತೆ, ಸೈಟ್ ಐದು ತಿಂಗಳಿಗೆ ಕಣ್ಣು ಮುಚ್ಚುತ್ತೆ. ಇದರ ಗಾಜು ನೀಲಿ, ಮಟಮಟ ಮಧ್ಯಾಹ್ನದಲ್ಲೂ ಮುಸ್ಸಂಜೆ ತೋರಿಸುತ್ತೆ. ಇದರ ಸ್ಕ್ರೂ ಇದೆಯಲ್ಲ, ಎರಡು ಸಲ ಬಿಗಿ ಮಾಡಿದ್ರೆ ತಲೆ ಸವೆದು ಬೋಳಾಗುತ್ತೆ. ಮಾಡೋರಿಗೂ ನಾಚಿಕೆಯಿಲ್ಲ, ಮಾರೋರಿಗೂ ಇಲ್ಲ. ಕೊಳ್ಳೋರ ಕಥೆ ಕೇಳ್ಬೇಡ. ಬಂದೂಕಿನ ಹಿಡಿಗೆ ಮೂರು ಸಲ ಪಾಲಿಶ್ ಹಾಕಿಸ್ತಾರೆ, ಗುಂಡು ಎಲ್ಲಿ ಹೋಗುತ್ತೆ ಅಂದ್ರೆ ದೇವರ ಚಿತ್ತ.

ಭಾವನ ಪರೀಕ್ಷೆ ನಾಡಿದ್ದು ಬೆಳಿಗ್ಗೆ ತಾನೇ? ಐವತ್ತು ಮೀಟರ್, ಐದು ಗುಂಡು, ಮೂರು ಜನ ಸಾಹೇಬರು. ಐದೂ ಕಾಗದದೊಳಗೆ ಬಿದ್ರೆ ಭಾವ ಕೆಲಸದಲ್ಲಿ ಉಳೀತಾರೆ. ಇಲ್ಲಾಂದ್ರೆ ಇಪ್ಪತ್ತೆರಡು ವರ್ಷ ಕಾಡು ಕಾಯ್ದ ಮನುಷ್ಯ ಇನ್ಮೇಲೆ ಮನೆ ಕಾಯ್ಬೇಕು. ಅಸಹ್ಯ, ಪುಟ್ಟಿ, ಈ ಸಾಹೇಬರದ್ದೆಲ್ಲ ಅಸಹ್ಯ. ಅವರಲ್ಲಿ ಒಬ್ಬನಾದ್ರೂ ಗಾಯಗೊಂಡ ಹಂದಿಯೆದುರು ನಿಂತಿದ್ದಾನಾ? ಶಾಲೆ ಹಿಂದಿನ ಪೊದೆಯಲ್ಲಿ ಹಂದಿ ಸೇರಿಕೊಂಡಿದೆ, ಹೋಗಿ ಹೊಡಿ ಅಂತ ಕಳಿಸೋದು. ರೈಫಲ್ ನಮ್ಮದು, ಸೈಟ್ ನೀನೇ ಹಾಕಿಸ್ಕೋ ಅನ್ನೋದು. ಗುಂಡು ಒಂದು ಗೇಣು ಬಲಕ್ಕೆ ಹೋಯ್ತು, ಹಂದಿ ಬಂದು ಜೊತೆಯಲ್ಲಿದ್ದವನ ತೊಡೆ ಸೀಳಿತು. ಆಮೇಲೆ ಫ್ಯಾನ್ ಕೆಳಗೆ ಕೂತ್ಕೊಂಡು ಯಾಕಯ್ಯಾ ತಪ್ಪಿತು ಅಂತ ಕೇಳೋದು. ಒಬ್ಬರ ಕಾಲು ಹೋದ್ರೂ ಇವರ ಕುರ್ಚಿ ಕಾಲು ಅಲ್ಲಾಡಲ್ಲ.

ಅವನು ಹೇಗಿದ್ದಾನೆ ಈಗ? ಕೋಲು ಊರಿಕೊಂಡು ಓಡಾಡ್ತಾನಾ... ಹೂಂ. ನಾನು ಹೋಗಿ ನೋಡ್ಬೇಕಿತ್ತು. ಅಂಗಡಿ ಬಿಟ್ಟು ಹೋಗೋಕಾಗಲ್ಲ, ನೋಡು, ಒಬ್ಬನೇ ನಾನು.

ಹಾಗೆ ನೋಡ್ಬೇಡ. ಬಂದ ಕೆಲಸ ನೋಡೋಣ. ಈ ಕಪ್ಪನೆ ಉದ್ದದ್ದು ತಗೋ. ಬೆಲೆಯಿಂದ ನಿನಗೆ ತೊಂದರೆಯಾಗಲ್ಲ, ನಾನು ನೋಡ್ಕೋತೀನಿ. ಚುಕ್ಕಿ ಚಿಕ್ಕದು, ಐವತ್ತು ಮೀಟರಿಗೆ ಅಷ್ಟಿದ್ರೆ ಸಾಕು. ಬೇಡ್ವಾ? ಮತ್ತೆ ಯಾವುದು? ಆ ಬೂದು ಪೆಟ್ಟಿಗೇದಾ?

ಅದು ಬೇಡ. ಬೇಡ ಅಂದ್ರೆ ಬೇಡ. ಭಾವನ ರೈಫಲ್ ಮೇಲೆ ಇದ್ದಿದ್ದು, ವಿಚಾರಣೆಗೆ ಅಂತ ಸಾಹೇಬರು ಬಿಚ್ಚಿಟ್ಕೊಂಡಿದ್ದು ಅದೇ ಅಲ್ವಾ? ಮಾಡಿದ ಅನಾಹುತ ಸಾಲದಾ ಅದಕ್ಕೆ? ದರಿದ್ರ ಸೈಟ್. ಒಂದು ಗುಂಡು ಹೊಡೆದ್ರೆ ಚುಕ್ಕಿ ಒಂದು ಕಡೆ, ಗುಂಡು ಇನ್ನೊಂದು ಕಡೆ. ಅದನ್ನ ತಯಾರು ಮಾಡಿದವನನ್ನ ಹಿಡ್ಕೊಂಡು ಬಂದು ಆ ಪೊದೆ ಎದುರು ನಿಲ್ಲಿಸ್ಬೇಕು. ನನಗಂತೂ ಕೈಯಲ್ಲಿ ಮುಟ್ಟೋಕೂ ಹೇಸಿಗೆ.

ಯಾಕೆ? ಅಲ್ಲೇನು ನೋಡ್ತಿದ್ದೀಯಾ ಗೋಡೆ ಮೇಲೆ? ನನ್ನ ರೈಫಲ್, ಅಷ್ಟೇ. ಗೊತ್ತಲ್ಲ ನಿನಗೆ, ಅಪ್ಪ ಕೊಟ್ಟಿದ್ದು.

ಹೌದು, ಅದರ ಮೇಲಿರೋದೂ ಬೂದು ಬಣ್ಣದ್ದೇ. ಬೂದು ಬಣ್ಣ ಅಂದ ತಕ್ಷಣ ಎಲ್ಲಾ ಒಂದೇನಾ? ಅದು ಬೇರೆ ಸಲ ಬಂದ ಮಾಲು... ಎದ್ದು ಹೋಗಿ ನೋಡೋದೇನಿದೆ, ಕೂತ್ಕೋ. ಕೂತ್ಕೋ ಪುಟ್ಟಿ. ಸರಿ, ಅದೇ. ಅದೇ ಕಂಪನಿ, ಅದೇ ಪೆಟ್ಟಿಗೆ. ಎರಡು ವರ್ಷ ಆಯ್ತು ಹಾಕಿ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನನ್ನ ಅದೃಷ್ಟ ಅಂದ್ಕೋ. ನೂರರಲ್ಲಿ ಒಂದು ಚೆನ್ನಾಗಿರುತ್ತೆ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಮನಸ್ಸಲ್ಲೇ ಅಂದ್ಕೋತಿದ್ದೀಯಾ? ಅಂದ್ಕೋ. ನಾನೇನೂ ಮುಟ್ಟಿ ನೋಡ್ಕೊಂಡಿಲ್ಲ.

ಕಾಗದನಾ? ಯಾವ ಕಾಗದ?

ಓ... ಅದಾ. ಅಪ್ಪನ ಕಾಲದ್ದು. ಸೈಟ್ ಹಾಕಿದ ಮೇಲೆ ಮೈದಾನಕ್ಕೆ ಒಯ್ದು ಐದು ಗುಂಡು ಹೊಡೆಯೋದು, ಚುಕ್ಕಿ ಇಟ್ಟ ಕಡೆಗೇ ಗುಂಡು ಬೀಳೋವರೆಗೂ ತಿರುಪು ತಿರುಗಿಸೋದು. ಚುಕ್ಕಿಗೂ ಗುಂಡಿಗೂ ಮಧ್ಯೆ ಅಂತರ ಸೊನ್ನೆ ಆಗ್ಬೇಕು. 'ಸೊನ್ನೆ ಕೂತಿತು' ಅಂತಿದ್ರು ಅಪ್ಪ. ಆಮೇಲೆ ತೂತು ಬಿದ್ದ ಆ ಕಾಗದ ಮಡಿಚಿ ಗಿರಾಕಿ ಕೈಗೆ ಕೊಡೋದು. ಕಾಗದ ಇಲ್ಲದೆ ಒಂದು ರೈಫಲ್ಲೂ ಈ ಬಾಗಿಲು ದಾಟ್ತಿರಲಿಲ್ಲ. ನೀನು ಆ ತೂತಲ್ಲಿ ಬೆರಳು ತೂರಿಸಿ ದೊಡ್ಡದು ಮಾಡಿ ಬೈಸ್ಕೋತಿದ್ದೆ.

ಕೊಟ್ಟಿದ್ದೆ. ಭಾವನಿಗೂ ಕೊಟ್ಟಿದ್ದೆ. ಜೇಬಲ್ಲಿಟ್ಟು ಮರೆತಿರ್ತಾರೆ, ಬಟ್ಟೆ ಜೊತೆ ನೀನೇ ಒಗೆದು ಹಾಕಿರ್ತೀಯಾ. ಅವರು ಕೊಟ್ಟಿಲ್ಲ ಅಂತಾರಾ? ಹಾಗಾದ್ರೆ ಇಲ್ಲೇ ಎಲ್ಲೋ... ಈ ಡ್ರಾಯರಲ್ಲಿ... ಅವತ್ತು ಮೈದಾನದಲ್ಲಿ ಸಿಕ್ಕಾಪಟ್ಟೆ ಗಾಳಿ, ಐದೂ ಗುಂಡು ಅಂಗೈಯಗಲದಲ್ಲಿ ಬಿದ್ದಿದ್ವು, ಕಾಗದ ಬಿಚ್ಚೋಕೆ ಹೋದ್ರೆ ಹಾರಿ...

ಏನು? ಮೈದಾನಕ್ಕೆ ಬೀಗ ಹಾಕಿತ್ತಾ?

ನಾನು ಸೈಟ್ ಹಾಕಿದ ತಿಂಗಳು ಪೂರ್ತಿನಾ? ಗೋಡೆ ರಿಪೇರಿಗೆ... ಭಾವ ಅಭ್ಯಾಸಕ್ಕೆ ಅಂತ ಹೋಗಿ ಬೀಗ ನೋಡಿ ವಾಪಸ್ ಬಂದ್ರಾ. ಎರಡು ಸಲ.

ತಡಿ. ಸ್ವಲ್ಪ ನೀರು ಕುಡೀತೀನಿ.

ಹೊಡೆದಿಲ್ಲ. ಒಂದು ಗುಂಡೂ ಹೊಡೆದಿಲ್ಲ. ಸಾಕಾ? ನಳಿಗೆಯ ಹಿಂದೆ ಮುಚ್ಚೋ ಬೋಲ್ಟ್ ತೆಗೆದೆ, ರೈಫಲನ್ನ ಈ ಬೆಂಚಿನ ಮೇಲೆ ಚೀಲ ಕೊಟ್ಟು ಕೂರಿಸಿದೆ, ಹಿಂದಿನಿಂದ ನಳಿಗೆಯಲ್ಲಿ ಕಣ್ಣಿಟ್ಟೆ. ಎದುರು ಕಾಂಪೌಂಡ್ ಗೋಡೆಯಲ್ಲಿ ಒಂದು ಮೊಳೆ ಇದೆ, ಅದು ನಳಿಗೆಯ ನಡುಮಧ್ಯಕ್ಕೆ ಬಂತು. ಚುಕ್ಕಿಯನ್ನೂ ಅದೇ ಮೊಳೆ ಮೇಲೆ ತಂದೆ. ಮೊದಲು ಎಲ್ಲರೂ ಅದನ್ನೇ ಮಾಡೋದು, ಆಮೇಲೆ ಮೈದಾನಕ್ಕೆ ಹೋಗಿ ಗುಂಡು ಹೊಡೆದು ಸರಿ ಮಾಡ್ಬೇಕು. ನಾನು ಮೊಳೆಗೇ ನಿಲ್ಲಿಸಿದೆ. ಅದಕ್ಕೆ ಅಪ್ಪ ಏನಂತಿದ್ರು, ನೆನಪಿದೆಯಾ? ಅರ್ಧ ಸೊನ್ನೆ. ನಮ್ಮಿಬ್ಬರನ್ನೂ ಎದುರಿಗೆ ಕೂರಿಸ್ಕೊಂಡು ಅರ್ಧ ಸೊನ್ನೆ ಅಂದ್ರೆ ಎಷ್ಟು ಹೇಳಿ ಅಂತ ಕೇಳ್ತಿದ್ರು. ನೀನು ಪಟ್ಟಂತ ಸೊನ್ನೆ ಅಂತಿದ್ದೆ. ನಾನು ಬೆರಳು ಎಣಿಸ್ತಾ ಕೂತಿರ್ತಿದ್ದೆ.

ಮನೆಯವರ ಕೆಲಸ ಅಂದ್ರೆ ಹೀಗೇ ಆಗೋದು. ಹೊರಗಿನವರ ರೈಫಲ್ ಆಗಿದ್ರೆ ಬೇರೆ ಮೈದಾನ ಹುಡುಕ್ಕೊಂಡು ಹೋಗ್ತಿದ್ದೆ. ಭಾವ ತಾನೇ, ಬೀಗ ತೆಗೆದ ಮೇಲೆ ಒಂದು ದಿನ ಕರ್ಕೊಂಡು ಹೋದ್ರಾಯ್ತು ಅಂತ ಬಿಟ್ಟೆ. ಸಂಜೆ ಬಂದ್ರು. 'ಸೊನ್ನೆ ಕೂತಿದೆಯಾ?' ಅಂತ ಒಂದೇ ಮಾತು ಕೇಳಿದ್ರು. 'ಕೂತಿದೆ ಭಾವ, ತಗೊಂಡು ಹೋಗಿ' ಅಂದೆ. ಕಾಗದ ಎಲ್ಲಿ ಅಂತಲೂ ಕೇಳಲಿಲ್ಲ, ಹೆಂಡತಿ ಅಣ್ಣನನ್ನ ಕಾಗದ ಕೇಳೋದು ಸರಿಯಲ್ಲ ಅನ್ನಿಸಿರ್ಬೇಕು. ಬಾಯಿ ತಪ್ಪಿ ಬಂದ ಮಾತಲ್ಲ ಅದು, ಪುಟ್ಟಿ. ಬಾಯಿಗೆ ಅಭ್ಯಾಸ ಆಗಿದ್ದ ಮಾತು. ಬೇರೆಯವರಿಗೂ ಎಷ್ಟು ಸಲ ಹೇಳಿದ್ದೀನೋ.

ಇಷ್ಟು ಹೊತ್ತು ಈ ಗಾಜಿನ ಚೂರುಗಳನ್ನ ಬೈದೆನಲ್ಲ... ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೈಟ್ ಚೆನ್ನಾಗೇ ಇತ್ತು. ನನ್ನ ಮೇಲೆ ನನಗೇ ಹೇಸಿಗೆ. ಕನ್ನಡಿ ನೋಡ್ಕೊಂಡು ಗಡ್ಡ ಕೆರೆಯೋಕೂ ಮನಸ್ಸು ಬರಲ್ಲ, ಮೂರು ವಾರ ಆಯ್ತು, ನೋಡು ಹೇಗಿದ್ದೀನಿ.

ಅಳ್ತಿದ್ದೀಯಾ? ಇಲ್ಲ. ಅತ್ತಿದ್ರೆ ಚೆನ್ನಾಗಿತ್ತು. ಎರಡು ಕೆಟ್ಟ ಮಾತು ಬೈದಿದ್ರೂ ಚೆನ್ನಾಗಿತ್ತು. ಗೊತ್ತಿದ್ದೇ ಬಂದೆಯಾ? ಸೈಟ್ ಕೊಳ್ಳೋಕೆ ಅಂತ ಬಂದೋಳಲ್ಲ ನೀನು, ನನ್ನ ಬಾಯಿಂದ ಕೇಳೋಕೆ ಬಂದೆ. ಸರಿ, ಕೇಳಿದೆಯಲ್ಲ. ಈಗಲಾದ್ರೂ ಮುಖ ಸಡಿಲ ಬಿಡು.

ಆಗಿದ್ದಾಯ್ತು, ಮುಂದಿನದು ನೋಡೋಣ. ಈ ಬೂದು ಪೆಟ್ಟಿಗೇದೇ ಹಾಕೋಣ. ಇಷ್ಟರಲ್ಲಿ ಅದೇ ಒಳ್ಳೇದು, ನಂಬು. ಆಫೀಸಿನವರು ನಾಳೆ ಬೆಳಿಗ್ಗೆ ರೈಫಲ್ ಕೊಡ್ತಾರೆ ಅಂದೆಯಲ್ಲ, ಸೀದಾ ಇಲ್ಲಿಗೆ ತರೋಕೆ ಹೇಳು. ಮೈದಾನ ಈಗ ತೆರೆದಿದೆ. ಐದಲ್ಲ, ಐವತ್ತು ಗುಂಡು ಹೊಡೀತೀನಿ. ತೂತಿನ ಕಾಗದ ನಿನ್ನ ಕೈಗೇ ಕೊಡ್ತೀನಿ, ಬೆರಳು ತೂರಿಸಿ ನೋಡು.

ಇನ್ನೊಂದು ವಿಷಯ. ನಾಡಿದ್ದು ಭಾವ ನಿಂತು ಹೊಡೆಯೋದು ಬೇಡ. ಮೇಜಿನ ಮೇಲೆ ಮರಳು ಚೀಲ ಕೇಳಲಿ, ಮೊಣಕೈ ಊರಿಕೊಳ್ಳಲಿ. ಗುಂಡನ್ನ ಆದಷ್ಟು ಸಾಹೇಬರ ಕಡೆ ಬೆನ್ನು ಮಾಡಿ ತುಂಬಲಿ. ಅವರು ಸೈಟ್ ನೋಡೋಕೆ ಬರ್ತಿಲ್ಲ, ಕೈ ನೋಡೋಕೆ ಬರ್ತಿದ್ದಾರೆ. ಹೋದ ವರ್ಷ ಜ್ವರ ಬಂದು ಎದ್ದಾಗಿಂದ ಕೈ ನಡುಗುತ್ತೆ, ನೀರಿನ ಲೋಟಾನೂ ಎರಡು ಕೈಯಲ್ಲಿ ಹಿಡೀತಾರೆ ಅಂತ ವಿಚಾರಣೆ ಫೈಲಲ್ಲೇ ಇದೆಯಲ್ಲ, ಅದಕ್ಕೇ...

ಯಾಕೆ? ಏನಾಯ್ತು?

ನೀನೇ ತಾನೇ ಹೇಳಿದ್ದು, ಫೈಲಲ್ಲಿ ಹಾಗಿದೆ ಅಂತ? ಈಗ ತಾನೇ... ಬಂದ ತಕ್ಷಣ... ಹೇಳಲಿಲ್ವಾ. ಹಾಗಾದ್ರೆ ಭಾವ ಫೋನಲ್ಲಿ ಹೇಳಿರ್ಬೇಕು. ಅವರಿಗೂ ಫೈಲ್ ತೋರಿಸಿಲ್ವಾ? ಯಾರಿಗೂ?

ಏಳ್ಬೇಡ, ಕೂತಿರು ಪುಟ್ಟಿ.

ನಿಮ್ಮನೆ ಅಡುಗೆಮನೆಯಲ್ಲಿ ಅವತ್ತು ನಾವು ಮೂರೇ ಜನ ಇದ್ದಿದ್ದು. ಭಾವನ ಕೈಯಿಂದ ಲೋಟ ಜಾರಿತು, ನೀನು ನೆಲ ಒರೆಸಿದೆ, ಈ ವಿಷಯ ಹೊರಗೆ ಹೋಗ್ಬಾರ್ದು ಅಣ್ಣಾ ಅಂದೆ. ನೆನಪಿದೆ ನನಗೆ. ಹಾಗೆ ನೋಡ್ಬೇಡ. ಸಾಹೇಬರು ಇಲ್ಲಿಗೇ ಬಂದಿದ್ರು, ನೀನೀಗ ಕೂತಿರೋ ಕುರ್ಚಿಯಲ್ಲೇ ಕೂತಿದ್ರು. ಸೈಟಿಗೆ ಸೊನ್ನೆ ಕೂರಿಸಿದ್ದೆಯಾ ಇಲ್ವಾ, ಬರೆದುಕೊಡು ಅಂದ್ರು. ಇಲ್ಲ ಅಂತ ಬರೆದಿದ್ರೆ ಲೈಸೆನ್ಸ್ ಅವತ್ತೇ ಹೋಗ್ತಿತ್ತು. ಕೂರಿಸಿದ್ದೆ ಅಂತ ಬರೆದೆ. ಮತ್ತೆ ಗುಂಡು ಯಾಕೆ ಬಲಕ್ಕೆ ಹೋಯ್ತು ಅಂದ್ರು. ಏನಾದ್ರೂ ಒಂದು ಹೇಳಲೇಬೇಕಿತ್ತು.

ಭಾವನ ಕೈ ನಡುಗುತ್ತೆ ಅಂತ ಬರೆದುಕೊಟ್ಟೋನು ನಾನೇ.