ಶ್ಯಾವಿಗೆ ಮೆಟ್ಟಿಲು ಹತ್ತುವುದಿಲ್ಲ

ಅಯ್ಯೋ, ಬೇಡಿ ಅತ್ತಿಗೆ, ಈಗ ಎತ್ತಿಕೊಳ್ಳಬೇಡಿ! ಬಾಚಿ ಮುಗಿಸುತ್ತೇನೆ, ತಾಳಿ... ನಿಮ್ಮಮ್ಮನ ತಿಥಿಯ ದಿನ, ಊಟವಾದ ಕೂಡಲೇ ಬೆಕ್ಕಿನ ಬಾಚಣಿಗೆಯೇ ಎಂದು ಹುಬ್ಬೇರಿಸಬೇಡಿ. ಪರ್ಷಿಯನ್ ಬೆಕ್ಕು ನಮ್ಮ ಶ್ಯಾವಿಗೆ. ಒಂದು ದಿನ ಬಿಟ್ಟರೆ ಕೂದಲು ಗಂಟು, ನಾಲ್ಕು ದಿನ ಬಿಟ್ಟರೆ ಕಂಬಳಿ. ಆಮೇಲೆ ಬೋಳಿಸುವುದೊಂದೇ ದಾರಿ. ಬೋಳಾಗಲಿಕ್ಕೆ ನಿಮ್ಮ ತಮ್ಮ ಇದ್ದಾರಲ್ಲ, ಮನೆಗೆ ಒಬ್ಬರು ಸಾಕು.

ಯಾಕೆ ನಗ್ತೀರಿ? ನಗಿ, ನಗಿ. ಬೆಳಿಗ್ಗೆ ನಕ್ಕಿರಲಿಲ್ಲ. "ಸಮನ್ವಿತಾ, ಕಾಗೆ ಪಿಂಡ ಮುಟ್ಟದಿದ್ರೆ, ಅಮ್ಮನಿಗೆ ಈ ಬೆಕ್ಕು ಇಷ್ಟವಿಲ್ಲ ಅಂತಲೇ ಅರ್ಥ. ಸಂಜೆಗೇ ತಲಘಟ್ಟಪುರದ ಚಿದಾನಂದನ ತೋಟಕ್ಕೆ ಕಳಿಸಿಬಿಡು," ಅಂದಿರಿ. ತೋಟ! ಇಲಿ ಹಿಡಿಯಲಿಕ್ಕೆ! ಇಲಿ ಎದುರು ಬಂದರೆ ಸರಿದು ದಾರಿ ಬಿಡುವ ಪ್ರಾಣಿ ಅತ್ತಿಗೆ ಇದು. ಅಲ್ಲಿ ಇದರ ಕಣ್ಣು ಒರೆಸುವವರು ಯಾರು?

ಇರಲಿ, ಆ ಮಾತು ಮುಗಿಯಿತು. ಕಾಗೆ ಮುಟ್ಟಿತಲ್ಲ! ತಾರಸಿಯಿಂದ ನಾನೇ ಕೂಗಿದೆನಲ್ಲ, "ಮುಟ್ತು, ಎಲೆ ಹಾಕಿ!" ಎಂದು. ಎಲ್ಲರೂ ಉಂಡಿರಿ. ವಡೆಯನ್ನಂತೂ ನೀವು... ಸರಿ, ಸರಿ, ನಾನು ಎಣಿಸಲಿಲ್ಲ.

ಹೌದು, ಕಾಗೆಯ ಕಥೆಯನ್ನು ನಂಬದವಳು ನಾನೇ. ಇತಿಹಾಸ ಪಾಠ ಮಾಡುವವಳ ದುರಭ್ಯಾಸ. ಈ ಬೆಕ್ಕಿನ ಜಾತಿಗೂ ಒಂದು ಪುರಾಣವಿದೆ, ಗೊತ್ತೇ? ಯಾರೋ ಮಾಂತ್ರಿಕ ಒಂದಿಷ್ಟು ಹೊಗೆ, ಒಂದು ಕಿಡಿ, ಎರಡು ನಕ್ಷತ್ರ ಕಲಸಿ ಒಬ್ಬ ವೀರನಿಗೆ ಮಾಡಿಕೊಟ್ಟನಂತೆ. ಶ್ಯಾವಿಗೆಯ ಮುಖ ನೋಡಿ ಹೇಳಿ, ನಕ್ಷತ್ರ ಎಲ್ಲಿದೆ? ಪರ್ಷಿಯಾದಿಂದ ಇಟಲಿಯ ಪ್ರವಾಸಿಯೊಬ್ಬ ತಂದನೆಂಬುದು ಇನ್ನೊಂದು ಕಥೆ. ಜೀನ್ ಪರೀಕ್ಷಿಸಿದವರು ಗೋತ್ರ ವಿಚಾರಿಸಿದರೆ, ಬಂಧುಬಳಗವೆಲ್ಲ ಯುರೋಪಿನದು! ನಮ್ಮ ನಾಲ್ಕನೇ ಬ್ಲಾಕಿನಲ್ಲಿ ಕರಿದ ಮದ್ದೂರು ವಡೆಯ ಹಾಗೆ.

ಏನು? ತಾರಸಿಗೆ ಇದೂ ಬಂದಿತ್ತೇ ಎಂದೇ? ಛೆ ಛೆ! ಶ್ಯಾವಿಗೆ ಮೆಟ್ಟಿಲು ಹತ್ತುವುದಿಲ್ಲ ಅತ್ತಿಗೆ. ಈ ಜಾತಿಯ ಸ್ವಭಾವವೇ ಅಂಥದ್ದು. ಫ್ಯಾನಿನ ಕೆಳಗೆ ಬಿದ್ದುಕೊಂಡಿರುವುದು, ಸೇವೆ ಮಾಡಿಸಿಕೊಳ್ಳುವುದು, ಅಷ್ಟೇ. ನೆಟ್ಟಗೆ ತಿನ್ನಲಿಕ್ಕೂ ಬರುವುದಿಲ್ಲ. ಮೂತಿ ಚಪ್ಪಟೆ ನೋಡಿ... ಬಾಯಿಗೆ ಅರ್ಧ, ಎದೆಗೆ ಅರ್ಧ. ನಿಮ್ಮಮ್ಮ ಬೈಯುತ್ತಿದ್ದರು, "ಈ ದರಿದ್ರಕ್ಕೆ ಕೊರಳಿಗೊಂದು ಟವಲ್ ಕಟ್ಟೇ!" ಎಂದು. ಬೈಯುತ್ತಲೇ ತಮ್ಮ ತಟ್ಟೆಯ ಕೊನೆಯ ತುತ್ತು ಮೊಸರನ್ನ ಇದಕ್ಕೇ... ನಿಮಗೆ ಗೊತ್ತಿರಲಿಲ್ಲವೇ? ದಿನಾ. ಮಡಿಯಲ್ಲೇ. ಯಾರೂ ನೋಡುತ್ತಿಲ್ಲ ಎಂದುಕೊಂಡು.

ಅತ್ತಿಗೆ, ಅಲ್ಲಿ ಕೈ ಹಾಕಬೇಡಿ, ಎದೆಯ ಕಡೆ ಇನ್ನೂ ಬಾಚಿಲ್ಲ... ಏನು ಸಿಕ್ಕಿತು? ಇರುವೆ ಇರಬೇಕು. ಇರುವೆಯೇ. ಕೊಡಿ ಇಲ್ಲಿ, ಎಸೆಯುತ್ತೇನೆ.

...ಎಳ್ಳು.

ಬೈಯಿರಿ ಬೇಕಾದರೆ. ಪಿಂಡದ ಎಳ್ಳನ್ನು ಹೀಗೆ ತಿರುಗಿಸಿ ತಿರುಗಿಸಿ ನೋಡಬೇಡಿ... ಕಾಗೆ ಬಂದಿತ್ತು ಅತ್ತಿಗೆ. ಅದಂತೂ ಸುಳ್ಳಲ್ಲ. ಪ್ಯಾರಾಪೆಟ್ಟಿನ ಮೇಲೆ ಕೂತು, ಕತ್ತು ಓರೆ ಮಾಡಿಕೊಂಡು, ಕೊನೆಯ ಅಗುಳಿನವರೆಗೂ ನೋಡಿತು. ಇದು ತಿನ್ನುವುದನ್ನು.

ಬಾಚಣಿಗೆ ಯಾಕೆ ತಗೊಂಡಿರಿ? ...ಅತ್ತಿಗೆ?

ಮೆಲ್ಲಗೆ. ಗದ್ದದ ಕೆಳಗೂ ಇದೆ ನೋಡಿ, ಇನ್ನೂ ಒಂದೆರಡು... ಬೇಗ, ನಿಮ್ಮ ತಮ್ಮ ಎದ್ದು ಬರುವುದರೊಳಗೆ.