ಖಾಲಿ ಮಹಡಿಯ ದೀಪ

ದೊಡ್ಡ ಪಟ್ಟಣವೊಂದರಲ್ಲಿ ಒಬ್ಬ ಶ್ರೀಮಂತನಿದ್ದ. ಮಹಡಿ ಮನೆ. ಕೆಳಗೆ ಅವನ ಸಂಸಾರ, ಮೇಲೆ ಖಾಲಿ. ಬಾಡಿಗೆಗೆ ಬಂದವರಲ್ಲಿ ಒಬ್ಬರ ಜಾತಿ ಹಿಡಿಸಲಿಲ್ಲ, ಒಬ್ಬರ ಊಟ ಹಿಡಿಸಲಿಲ್ಲ, ಉಳಿದವರ ಹತ್ತಿರ ಹತ್ತು ತಿಂಗಳ ಅಡ್ವಾನ್ಸ್ ಇರಲಿಲ್ಲ. ಕೊನೆಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡನ್ನೇ ತೆಗೆದ. ಆದರೆ ನೋಡಿ, ದೈವಭಕ್ತ! ಮುಸ್ಸಂಜೆ ಮನೆ ಕತ್ತಲಿರಬಾರದೆಂದು ದಿನವೂ ಮೇಲೆ ಹತ್ತಿ, ಕಿಟಕಿಯಲ್ಲಿ ಎಣ್ಣೆದೀಪ ಹಚ್ಚಿ, ಬೀಗ ಹಾಕಿ ಇಳಿಯುತ್ತಿದ್ದ. ಯಾರಿಗಾಗಿ ಹಚ್ಚುತ್ತಿದ್ದ? ತನ್ನನ್ನೇ ಕೇಳಿಕೊಂಡಿರಲಿಲ್ಲ.

ಒಂದು ಸಂಜೆ ಇಳಿದು ಬಂದರೆ, ಗೇಟಿನ ಬಳಿ ಗಂಡಹೆಂಡತಿ ನಿಂತು ಆ ಕಿಟಕಿಯನ್ನೇ ನೋಡುತ್ತಿದ್ದಾರೆ.

"ಏನ್ರೀ ನೋಡ್ತಿದ್ದೀರಾ?"

"ಏನಿಲ್ಲ ಸಾರ್," ಎಂದಳು ಅವಳು. "ಮೇಲಿನ ಮನೆಯವ್ರು ಪುಣ್ಯವಂತ್ರು ಅಂತ ಮಾತಾಡ್ಕೋತಿದ್ವಿ. ದೀಪ ಹಚ್ಚಿ ಒಟ್ಟಿಗೆ ಊಟಕ್ಕೆ ಕೂರ್ತಾರಲ್ಲ. ನಮ್ಗೆ ಮದ್ವೆಯಾಗಿ ವರ್ಷವಾಯ್ತು. ಇವ್ರು ಬೇಕರೀಲೇ ಮಲಗ್ತಾರೆ, ನಾನು ಹೆಂಗಸರ ಹಾಸ್ಟೆಲಲ್ಲಿ. ಸಂಜೆ ಮನೆ ಹುಡುಕ್ತಾ ಸಿಕ್ಕೋದೇ ನಮ್ಮ ಸಂಸಾರ."

"ಮೇಲೆ ಯಾರೂ ಇಲ್ಲಮ್ಮ. ಖಾಲಿ."

"ಅಯ್ಯೋ! ದೀಪ ನೋಡಿ, ಯಾರೋ ಇದಾರೆ ಅಂತ ದಿನಾ ದಾಟ್ಕೊಂಡ್ ಹೋದ್ವಲ್ಲ!"

ಗಂಡ ನಕ್ಕ. "ದೀಪದ ಹತ್ರ ಎಷ್ಟು ಅಡ್ವಾನ್ಸ್ ಇಸ್ಕೊಂಡ್ರಿ ಸಾರ್?"

ಶ್ರೀಮಂತ ಸಿಟ್ಟಾಗಲು ಬಾಯಿ ತೆರೆದ. ಆದರೆ ಸೊಂಟದ ಬೀಗದ ಕೈ ತಡವುತ್ತ ಕೇಳಿದ, "ಎಷ್ಟು ಕೂಡಿಟ್ಟಿದ್ದೀರಿ?"

"ಎರಡು ತಿಂಗಳ ಬಾಡಿಗೆಯಷ್ಟು."

"ಸಾಕು," ಎಂದು ಬೀಗದ ಕೈ ಕೊಟ್ಟ.

ಮರುದಿನ ಸಂಜೆ ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿದ. ಬಾಗಿಲು ತೆರೆದಿತ್ತು. ಅದೇ ದೀಪ, ಅದೇ ಎಣ್ಣೆ. ಆದರೆ ಈಗ ಬೆಳಕು ಅವಳ ಬಳೆಯ ಮೇಲಿತ್ತು, ತಟ್ಟೆಯ ಅಂಚಿನ ಮೇಲಿತ್ತು, ಅನ್ನದಿಂದ ಏಳುವ ಹಬೆಯ ಒಂದೊಂದು ಎಳೆಯ ಮೇಲಿತ್ತು. ಇಷ್ಟು ವರ್ಷ ತಾನೇ ಹಚ್ಚಿದ ದೀಪವನ್ನು ಅವನು ಆಗ ಮೊದಲ ಸಲ ಕಂಡ. ತನ್ನದೇ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತ.

ಯೋಚಿಸಿ. ಬೆಳಕು ಖಾಲಿಯಲ್ಲಿ ಸಾಗುವಾಗ ಯಾರ ಕಣ್ಣಿಗೂ ಕಾಣುವುದಿಲ್ಲ. ಯಾವುದರ ಮೇಲಾದರೂ ಬಿದ್ದಾಗಲೇ ಕಾಣುತ್ತದೆ. ಸೂರ್ಯನಿಂದ ಹೊರಟದ್ದು ಅಷ್ಟು ದೊಡ್ಡ ಕತ್ತಲನ್ನು ದಾಟಿ ಬಂದು ನಿಮ್ಮ ಅಂಗೈಯಲ್ಲಿ ಬೆಳಗುತ್ತದೆ. ಎಂಥ ಏರ್ಪಾಡು!

ಈಗ ನಿಮ್ಮನ್ನೇ ಕೇಳುತ್ತೇನೆ. ಇಲ್ಲಿ ಕುಳಿತ ಎಷ್ಟು ಜನರ ಸೊಂಟದಲ್ಲಿ ಖಾಲಿ ಮನೆಯ ಬೀಗದ ಕೈ ಇದೆ? ನಗಬೇಡಿ. ಇಂದೇ ಹೋಗಿ ಬೋರ್ಡು ನೇತುಹಾಕಿ. ಬಂದವರ ಜಾತಿ ಕೇಳಬೇಡಿ, ಅಡುಗೆ ಕೇಳಬೇಡಿ. ಅವರ ಕೈಗೆಟುಕುವಷ್ಟೇ ಕೇಳಿ. ಆಮೇಲೆ ದೀಪ ಹಚ್ಚಿ. ಅಲ್ಲ, ಹಚ್ಚುವುದನ್ನು ಅವರಿಗೇ ಬಿಡಿ.